ಬ್ರಿಟಿಷರ ಕಾಲದ ಬೊಂಬಾಯಿ ನಗರಸಭೆಯಲ್ಲಿ ಎಲ್ಲರಿಗೂ ಮತ ಯಾಕಿರಲಿಲ್ಲ?

ಯಾಕಂದ್ರೆ ಆಗ ಮತ ಅನ್ನುವುದು ಊರಲ್ಲಿ ವಾಸ ಮಾಡುವವರ ಹಕ್ಕಾಗಿರಲಿಲ್ಲ, ತೆರಿಗೆ ಕಟ್ಟುವವರ ಹಕ್ಕಾಗಿತ್ತು. 1872ರ ಕಾಯ್ದೆಯ ಪ್ರಕಾರ ವರ್ಷಕ್ಕೆ ಕನಿಷ್ಠ 50 ರೂಪಾಯಿ ತೆರಿಗೆ ಕಟ್ಟುವವರಿಗೆ ಮಾತ್ರ ಮತ. ಸದಸ್ಯರಾಗುವವರೂ ತೆರಿಗೆದಾರರೇ ಆಗಿರಬೇಕಿತ್ತು. ಆ ಕಾಲಕ್ಕೆ 50 ರೂಪಾಯಿ ಸಣ್ಣ ಮೊತ್ತವಲ್ಲ.

ಈ ನಿಯಮ ಹುಟ್ಟಿದ್ದೇ ದುಡ್ಡಿನ ಜಗಳದಿಂದ. ಕಮಿಷನರ್ ಆರ್ಥರ್ ಕ್ರಾಫರ್ಡ್ ಊರನ್ನು ಚೊಕ್ಕ ಮಾಡಿದರು, ಆದರೆ ಖರ್ಚು ಕೈಮೀರಿತು. 1871ರಲ್ಲಿ ತೆರಿಗೆದಾರರು ಸಿಡಿದೆದ್ದರು. ನಮ್ಮ ಹಣಕ್ಕೆ ಲೆಕ್ಕ ಕೇಳುವವರು ನಾವೇ ಆಗಬೇಕು ಎಂಬುದು ಅವರ ವಾದ. ಸರ್ಕಾರ ಅರ್ಧ ಮಾತ್ರ ಒಪ್ಪಿತು. 64 ಸ್ಥಾನಗಳಲ್ಲಿ 32 ತೆರಿಗೆದಾರರ ಆಯ್ಕೆಗೆ ಬಂದವು. ಉಳಿದವುಗಳಲ್ಲಿ 16 ಸರ್ಕಾರದ ನೇಮಕ, 16 ಜಸ್ಟಿಸ್ ಆಫ್ ದಿ ಪೀಸ್ ಎಂಬ ಗೌರವ ಹುದ್ದೆಯವರ ಆಯ್ಕೆ.

ಇದರಲ್ಲಿ ನನಗೆ ನಿಜಕ್ಕೂ ಅನ್ಯಾಯ ಅನ್ನಿಸುವುದು ಚಾಳುಗಳ, ಅಂದ್ರೆ ಸಾಲು ಕೋಣೆಗಳ ವಠಾರಗಳ, ಬಾಡಿಗೆದಾರರ ಪಾಡು. ಮನೆ ತೆರಿಗೆ ಮಾಲೀಕನ ಹೆಸರಲ್ಲಿ ಇರುತ್ತಿತ್ತು. ಬಾಡಿಗೆಯಲ್ಲಿ ಅದರ ಭಾರ ಹೊರುತ್ತಿದ್ದವರು ಇವರೇ ಅಲ್ವಾ? ಆದರೂ ಪಟ್ಟಿಯಲ್ಲಿ ಇವರ ಹೆಸರಿಲ್ಲ. ನೀರು, ಚರಂಡಿ, ಕಾಯಿಲೆಯ ಕಷ್ಟ ಜಾಸ್ತಿ ಇದ್ದದ್ದೂ ಇವರಿಗೇ.

1888ರಲ್ಲಿ ಮಿತಿ 30 ರೂಪಾಯಿಗೆ ಇಳಿಯಿತು, ಪದವೀಧರರಿಗೂ ಮತ ಬಂತು. ಬಾಡಿಗೆದಾರರು 1922ರವರೆಗೆ ಕಾಯಬೇಕಾಯಿತು. ಆಗಲೂ ತಿಂಗಳಿಗೆ 10 ರೂಪಾಯಿ ಬಾಡಿಗೆ ಕೊಡುವವರಿಗಷ್ಟೇ. ವಯಸ್ಕರೆಲ್ಲರೂ ಮತ ಹಾಕಿದ್ದು ಸ್ವಾತಂತ್ರ್ಯದ ನಂತರ, 1948ರ ಚುನಾವಣೆಯಲ್ಲಿ.