ಪರ್ವತದ ರಸ್ತೆಯಲ್ಲಿ ರೋಲರ್ ಸ್ಕೀ ಮಾಡಲು ಏನೇನು ಬೇಕು? ಕಲಬುರಗಿಯಲ್ಲಿದ್ದು ಅಭ್ಯಾಸ ಮಾಡಬಹುದೇ?

ಮನಾಲಿಯಿಂದ ಸೋಲಾಂಗ್‌ವರೆಗಿನ ರಸ್ತೆಯಲ್ಲಿ ರೋಲರ್ ಸ್ಕೀ ಮಾಡಬೇಕೆಂದಿದ್ದೀರಿ. ನಿಮ್ಮ ಬಳಿ ಈಗಾಗಲೇ ಇರುವ ಇನ್‌ಲೈನ್ ಸ್ಕೇಟ್ ಸಾಕಾಗುವುದೇ, ಸಾಲದಿದ್ದರೆ ಏನು ಕೊಳ್ಳಬೇಕು, ಕಲಬುರಗಿಯಲ್ಲಿ ಇದರ ಅಭ್ಯಾಸ ಸಾಧ್ಯವೇ ಎಂದು ಕೇಳಿದ್ದೀರಿ. ಸ್ಕೇಟ್ ಸಾಲದು, ಅಭ್ಯಾಸ ಸಾಧ್ಯ. ಕೊಳ್ಳುವ ವಿಷಯಕ್ಕೆ ಮಾತ್ರ ಸ್ವಲ್ಪ ದೀರ್ಘವಾಗಿ ಉತ್ತರಿಸಬೇಕಾಗುತ್ತದೆ. ನಾನು ಸೇನೆಯಲ್ಲಿದ್ದಾಗ ಹಿಮದ ಮೇಲಿನ ಕ್ರಾಸ್‌ಕಂಟ್ರಿ ಸ್ಕೀ ಕಲಿತವನು. ಹಿಮ ಕರಗಿದ ತಿಂಗಳುಗಳಲ್ಲಿ ಅದೇ ಅಭ್ಯಾಸವನ್ನು ಡಾಂಬರಿನ ಮೇಲೆ ಮುಂದುವರಿಸುವುದಕ್ಕೆ ಬಳಸುತ್ತಿದ್ದುದು ರೋಲರ್ ಸ್ಕೀ, ಅಂದರೆ ಹಿಂದೆ ಮುಂದೆ ಗಾಲಿ ಕೂರಿಸಿದ ಸ್ಕೀ ಪಟ್ಟಿ. ಊರಿಗೆ ಮರಳಿದ ಮೇಲೂ ಅದನ್ನು ಬಿಟ್ಟಿಲ್ಲ.

ಸಾಮಗ್ರಿಯ ಪಟ್ಟಿ ಮಾಡುವ ಮೊದಲು ಇಳಿಯುವುದು ಹೇಗೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಸಾಮಾನ್ಯ ರೋಲರ್ ಸ್ಕೀಗೆ ಬ್ರೇಕ್ ಇರುವುದಿಲ್ಲ. ಎಪ್ಪತ್ತು ಕಿಲೋ ತೂಕದ ಒಬ್ಬರು, ನೂರು ಮೀಟರಿಗೆ ನಾಲ್ಕು ಮೀಟರ್ ಇಳಿಯುವ ರಸ್ತೆಯಲ್ಲಿ, ಮಧ್ಯಮ ವೇಗದ ಗಾಲಿಗಳ ಮೇಲೆ ನೆಟ್ಟಗೆ ನಿಂತು ಸುಮ್ಮನೆ ಉರುಳಿದರೂ ವೇಗ ಗಂಟೆಗೆ ಸುಮಾರು 20 ಕಿ.ಮೀ. ಮುಟ್ಟುತ್ತದೆ, ಇಳಿಜಾರು ಆರು ಮೀಟರಿಗೆ ಏರಿದರೆ ವೇಗವೂ 30 ಕಿ.ಮೀ. ದಾಟುತ್ತದೆ. ನಿಧಾನದ ಗಾಲಿ ಹಾಕಿದರೆ ವೇಗ ಹಿಡಿತದಲ್ಲಿ ಉಳಿದೀತು ಎಂದು ಹಲವರು ನಂಬುತ್ತಾರೆ, ಆದರೆ ಅದೇ ಆರು ಮೀಟರಿನ ಇಳಿಜಾರಿನಲ್ಲಿ ನಿಧಾನದ ಗಾಲಿಯಿಂದ ಕಡಿಮೆಯಾಗುವುದು ಐದಾರು ಕಿ.ಮೀ. ಮಾತ್ರ, ಏಕೆಂದರೆ ಗಾಲಿಯ ಘರ್ಷಣೆ ಗುರುತ್ವದ ಎಳೆತದಲ್ಲಿ ಒಂದು ಪಾಲನ್ನಷ್ಟೇ ನುಂಗುತ್ತದೆ, ಉಳಿದದ್ದನ್ನು ತಡೆಯಲು ಗಾಳಿಯೊಂದೇ ಗತಿ. ಬಯಲು ರಸ್ತೆಯಲ್ಲಿ ವೇಗ ಹೆಚ್ಚಾದರೆ ಪಕ್ಕದ ಹುಲ್ಲಿಗೋ ಮಣ್ಣಿಗೋ ಕಾಲಿಟ್ಟು ಓಡಿ ನಿಲ್ಲಬಹುದು. ಪರ್ವತದ ರಸ್ತೆಯಲ್ಲಿ ಒಂದು ಕಡೆ ಚರಂಡಿ, ಇನ್ನೊಂದು ಕಡೆ ತಡೆಗೋಡೆ, ಎದುರಿಗೆ ಹೇರ್‌ಪಿನ್ ತಿರುವು, ತಿರುವಿನಾಚೆ ಲಾರಿ.

ಆದ್ದರಿಂದ ನನ್ನ ಸಲಹೆ ನೇರವಾದದ್ದು: ಏರುವಾಗ ಸ್ಕೀ ಮಾಡಿ, ಇಳಿಯುವಾಗ ವಾಹನದಲ್ಲಿ ಬನ್ನಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನಾರ್ವೆಯಲ್ಲಿ ವಿಶ್ವದರ್ಜೆಯ ಸ್ಪರ್ಧಿಗಳು ಭಾಗವಹಿಸುವ ಲೀಸೆಬೊಟನ್ ಓಟವು 27 ಹೇರ್‌ಪಿನ್ ತಿರುವುಗಳಿರುವ ರಸ್ತೆಯಲ್ಲಿ ಸುಮಾರು 7.5 ಕಿ.ಮೀ. ನಡೆಯುತ್ತದೆ, ಮತ್ತು ಅದು ಏರುವ ಓಟವೇ. ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಸೋಲಾಂಗ್ ಸುಮಾರು 2,500 ಮೀಟರ್. ನಡುವಿನ ಹದಿಮೂರು ಕಿ.ಮೀ. ಏರು ಸರಾಸರಿಯಲ್ಲಿ ಸೌಮ್ಯವೇ, ಕೆಲವು ತುಂಡುಗಳಲ್ಲಿ ಮಾತ್ರ ಕಡಿದು.

ಇನ್ನು ಸಾಮಗ್ರಿಗೆ ಬರೋಣ. ಇನ್‌ಲೈನ್ ಸ್ಕೇಟಿನಲ್ಲಿ ಪಾದ ಪೂರ್ತಿ ಬಿಗಿದಿರುತ್ತದೆ; ಕ್ರಾಸ್‌ಕಂಟ್ರಿ ಸ್ಕೀಯಲ್ಲಿ ಬೂಟಿನ ತುದಿ ಮಾತ್ರ ಹಿಡಿದಿದ್ದು ಹಿಮ್ಮಡಿ ಏಳುತ್ತದೆ. ಏರಿನಲ್ಲಿ ದೇಹದ ಭಾರವನ್ನು ಮುಂದಕ್ಕೆ ಹಾಕಿ ಕೋಲಿನಿಂದ ದೂಡುವುದಕ್ಕೆ ಆ ಬಿಡುಗಡೆಯೇ ಆಧಾರ. ರೋಲರ್ ಸ್ಕೀಯಲ್ಲಿ ಎರಡು ಬಗೆ. ಕ್ಲಾಸಿಕ್ ಬಗೆಯದು ಉದ್ದವಾಗಿದ್ದು, ಗಾಲಿಗಳು ಅಗಲವಾಗಿರುತ್ತವೆ. ಅದರ ಒಂದು ಗಾಲಿ ಹಿಂದಕ್ಕೆ ಉರುಳದಂತೆ ಒಳಗಿನಿಂದ ತಡೆದಿರುತ್ತದೆ, ಹಾಗಾಗಿ ಕಾಲೂರಿ ಒದ್ದು ಮುಂದೆ ಹೋಗಬಹುದು. ಸ್ಕೇಟಿಂಗ್ ಬಗೆಯದು ಗಿಡ್ಡ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಅಂತರರಾಷ್ಟ್ರೀಯ ಸ್ಪರ್ಧಾ ನಿಯಮದಂತೆ ಕನಿಷ್ಠ 53 ಸೆಂ.ಮೀ., ಗಾಲಿಗಳು ಸಾಮಾನ್ಯವಾಗಿ 100 ಮಿ.ಮೀ. ವ್ಯಾಸ, 24 ಮಿ.ಮೀ. ಅಗಲ. ಸ್ಕೇಟ್ ಮಾಡಿ ರೂಢಿಯಿರುವ ನಿಮಗೆ ಎರಡನೆಯದು ಬೇಗ ಕೈಗೂಡುತ್ತದೆ, ಆದರೆ ಅದರಲ್ಲಿ ಕಾಲನ್ನು ಪಕ್ಕಕ್ಕೆ ದೂಡುವುದರಿಂದ ಅದು ರಸ್ತೆಯಲ್ಲಿ ಅಗಲವಾದ ಜಾಗ ಕೇಳುತ್ತದೆ. ವಾಹನ ದಟ್ಟವಾಗಿರುವ ಕಿರಿದಾದ ಮಲೆರಸ್ತೆಗೆ ನಾನಾದರೆ ಕ್ಲಾಸಿಕ್ ಆರಿಸಿಕೊಳ್ಳುತ್ತೇನೆ.

ಗಾಲಿಗಳ ಮೇಲಿನ ಸಂಖ್ಯೆ ಅವುಗಳ ವೇಗವನ್ನು ಸೂಚಿಸುತ್ತದೆ. ಹಲವು ಕಂಪನಿಗಳಲ್ಲಿ 1 ಎಂದರೆ ವೇಗ, 2 ಮಧ್ಯಮ, 3 ನಿಧಾನ; ಎಲ್ಲರ ಲೆಕ್ಕವೂ ಒಂದೇ ಅಲ್ಲವಾದ್ದರಿಂದ ಕೇಳಿಕೊಂಡು ಕೊಳ್ಳಿ. ರಬ್ಬರ್ ಬಿಸಿಯಾದಂತೆ ಗಾಲಿ ಹಗುರವಾಗಿ ಉರುಳತೊಡಗುತ್ತದೆ ಎಂಬುದನ್ನು ಮರೆಯಬೇಡಿ. ಹೊರಟ ಮೊದಲ ಹತ್ತು ನಿಮಿಷದಲ್ಲಿ ಸಿಕ್ಕ ಅಂದಾಜು ಅರ್ಧ ಗಂಟೆಯ ನಂತರ ಸುಳ್ಳಾಗುತ್ತದೆ, ನಮ್ಮ ಕಡೆಯ ಬಿಸಿಲಿನಲ್ಲಿ ಇನ್ನೂ ಬೇಗ. ಇಳಿಯಲೇಬೇಕೆಂಬ ಹಟವಿದ್ದರೆ, ಸನ್ನೆ (ಲಿವರ್) ತಿರುಗಿಸಿ ಗಾಲಿಯ ಮೇಲೆ ಸಣ್ಣ ರೋಲರ್ ಒತ್ತಿಸುವ ವೇಗತಡೆ ಇರುವ ಮಾದರಿಗಳನ್ನು ನೋಡಿ. ಅಮೆರಿಕದ ಜೆನೆಕ್ಸ್ ಕಂಪನಿಯ ವಿ-2 ಸ್ಕೀಗಳು ಇಂಥವು. ಸುಮಾರು 150 ಮಿ.ಮೀ. ವ್ಯಾಸದ, ಗಾಳಿ ತುಂಬುವ ಟೈರಿನ ಮಾದರಿಗಳೂ ಇವೆ. ತೂಕ ಹೆಚ್ಚು, ಆದರೂ ತೇಪೆ ಹಾಕಿದ ರಸ್ತೆಗಳಲ್ಲಿ ಕಾಲಿಗೆ ಬಡಿತ ಕಡಿಮೆ.

ಮೊದಲು ಕೊಳ್ಳಬೇಕಾದದ್ದು ಸ್ಕೀ ಅಲ್ಲ, ಬೂಟು. ಪಾದಕ್ಕೆ ಹೊಂದುವ ಬೂಟು ಸಿಕ್ಕ ಮೇಲೆ ಅದರ ಅಡಿಗೆ ತಕ್ಕ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಆರಿಸುವುದು ಸುಲಭ, ತಿರುಗಾಮುರುಗಾ ಮಾಡಿದರೆ ಕಷ್ಟ. ರೊಟ್ಟೆಫೆಲ್ಲಾ ಕಂಪನಿಯ ಎನ್‌ಎನ್‌ಎನ್ ಪದ್ಧತಿಯ ಬೂಟಿನಡಿಯಲ್ಲಿ ಎರಡು ಉದ್ದ ತೋಡುಗಳಿರುತ್ತವೆ; ಪ್ರೊಲಿಂಕ್ ಮತ್ತು ಟರ್ನಾಮಿಕ್ ಬೈಂಡಿಂಗ್‌ಗಳಿಗೂ ಅದು ಕೂಡುತ್ತದೆ. ಸಾಲೊಮನ್ ಕಂಪನಿಯ ಹಳೆಯ ಎಸ್‌ಎನ್‌ಎಸ್ ಪದ್ಧತಿಯಲ್ಲಿ ಒಂದೇ ತೋಡು, ಅದು ಇವುಗಳಿಗೆ ಕೂಡುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಚಿತ್ರದಲ್ಲಿ ಬೂಟಿನ ಅಡಿ ಕಾಣದೆ ಹಣ ಕಳಿಸಬಾರದು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕ್ರೀಡಾ ಅಂಗಡಿಗಳಲ್ಲಿ ಇವು ಯಾವುವೂ ದೊರೆಯುವುದಿಲ್ಲ, ಹೊರಗಿನಿಂದಲೇ ತರಿಸಬೇಕು. ಬೆಲೆಯ ಜೊತೆಗೆ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೋಲಿನ ಉದ್ದ ಸ್ಕೇಟಿಂಗ್‌ಗೆ ಎತ್ತರದ ಸುಮಾರು ನೂರಕ್ಕೆ ತೊಂಬತ್ತು, ಕ್ಲಾಸಿಕ್‌ಗೆ ಎಂಬತ್ತಮೂರರಿಂದ ಎಂಬತ್ತೈದು. 170 ಸೆಂ.ಮೀ. ಎತ್ತರದವರಿಗೆ ಕ್ರಮವಾಗಿ ಸುಮಾರು 153 ಮತ್ತು 142 ಸೆಂ.ಮೀ. ಆಗುತ್ತದೆ. ಹಿಮದಲ್ಲಿ ಕೋಲು ಹೂತುಹೋಗದಂತೆ ತುದಿಗೆ ಹಾಕಿರುವ ಬುಟ್ಟಿ (ಅಗಲವಾದ ಬಿಲ್ಲೆ) ತೆಗೆದು, ರಸ್ತೆಗೆಂದೇ ಮಾಡಿದ ಕಾರ್ಬೈಡ್ ಮೊನೆ ಹಾಕಿಸಬೇಕು, ಮತ್ತು ಆ ಮೊನೆಯನ್ನು ವಜ್ರದ ಪುಡಿ ಲೇಪಿಸಿದ ಅರದಿಂದ ಆಗಾಗ ಮಸೆಯಬೇಕು. ಸಾಮಾನ್ಯ ಅರ ಅದಕ್ಕೆ ನಾಟುವುದಿಲ್ಲ. ಮೊಂಡಾದ ಮೊನೆ ಜಾರಿದಾಗ ಹೋಗುವುದು ಬರೀ ಶಕ್ತಿಯಲ್ಲ, ತೋಲವೂ ಹೋಗುತ್ತದೆ. ಈ ಕಾರಣಕ್ಕೇ ನಮ್ಮ ಹಳ್ಳಿಗಳ ಒಳಗಿನ ಸಿ.ಸಿ. ರಸ್ತೆಗಳು ಈ ಆಟಕ್ಕೆ ಬರುವುದಿಲ್ಲ: ಕಾಂಕ್ರೀಟಿಗೆ ಮೊನೆ ಕಚ್ಚುವುದಿಲ್ಲ. ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ಅಭ್ಯಾಸ ಮಾಡುವ ಯೋಚನೆಯಿದ್ದರೆ ಅದನ್ನೂ ಬಿಡಿ.

ಹೆಲ್ಮೆಟ್, ಕೈಗವಸು, ಕನ್ನಡಕ, ಮೊಣಕಾಲು ಮತ್ತು ಮೊಣಕೈ ಕವಚ, ಹೊಳೆಯುವ ಅಂಗಿ, ಬೆನ್ನಿಗೆ ಕೆಂಪು ದೀಪ. ಇವುಗಳ ಬಗ್ಗೆ ಚರ್ಚೆ ಬೇಡ.

ಅಭ್ಯಾಸದ ಜಾಗದ ಮಾತು. ಕಲಬುರಗಿಯ ರಿಂಗ್ ರಸ್ತೆಗೂ, ಹುಮನಾಬಾದ್ ಮೂಲಕ ಹಾದುಹೋಗುವ ಹೆದ್ದಾರಿಗಳಿಗೂ ಇಳಿಯಬೇಡಿ. ಹಳ್ಳಿಗಳ ನಡುವಿನ ಹೊಸ ಡಾಂಬರು ಹಾಕಿದ ರಸ್ತೆಗಳು ಬೆಳಗಿನ ಆರರಿಂದ ಏಳೂವರೆಯವರೆಗೆ ಬಹುತೇಕ ಖಾಲಿ ಇರುತ್ತವೆ. ತೊಗರಿ ರಾಶಿಯ ಕಾಲದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ರಸ್ತೆಯ ಮೇಲೆಯೇ ಬೆಳೆ ಹರಡಿರುತ್ತಾರೆ, ಕಾಳಿನ ಮೇಲೆ ಗಾಲಿ ಹೋದರೆ ಸ್ಕೀ ಪಕ್ಕಕ್ಕೆ ಓಡುತ್ತದೆ. ಭಾಲ್ಕಿ, ಹುಮನಾಬಾದ್ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ತಿಂಗಳುಗಳಲ್ಲಿ ರಸ್ತೆಗೆ ಉದುರುವ ತುಂಡುಗಳದ್ದೂ ಇದೇ ಕಥೆ. ಮಳೆ ಬಿದ್ದ ಮರುದಿನ ಟ್ರ್ಯಾಕ್ಟರ್ ಚಕ್ರದೊಡನೆ ಬಂದ ಎರೆಮಣ್ಣು ಡಾಂಬರಿಗೆ ಅಂಟಿರುತ್ತದೆ. ಒದ್ದೆಯಿದ್ದಾಗ ಅದು ಎಣ್ಣೆಯಂತೆ ಜಾರುತ್ತದೆ, ಒಣಗಿದ ಮೇಲೆ ಬೇರಿಂಗ್ ಒಳಗೆ ಹೊಕ್ಕು ಕೆಡಿಸುತ್ತದೆ. ಮನೆಗೆ ಬಂದ ಕೂಡಲೇ ಗಾಲಿ ಒರೆಸಿಡಿ. ಸ್ಕೇಟಿಂಗ್ ಗಾಲಿಗಳು ಒಳಬದಿಯಲ್ಲೇ ಹೆಚ್ಚು ಸವೆಯುವುದರಿಂದ ಎಡಬಲ ಅದಲುಬದಲು ಮಾಡುತ್ತಿದ್ದರೆ ಬಾಳಿಕೆ ಹೆಚ್ಚುತ್ತದೆ. ಮೇ ತಿಂಗಳಿನಲ್ಲಿ ಹೊತ್ತೇರಿದ ಮೇಲೆ ಹೊರಡಬೇಡಿ; ಮೆತ್ತಗಾದ ಡಾಂಬರಿನಲ್ಲಿ ಮೊನೆ ಹೂತು ಕೋಲು ಮುರಿಯುವ ಸಂಭವವಿದೆ.

ಏರು ಬೇಕೆಂದರೆ ಬೀದರ್ ಒಳ್ಳೆಯದು. ಆ ಊರು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿರುವುದರಿಂದ ಮಾಂಜ್ರಾ ಕಣಿವೆಯ ಕಡೆಗೆ ಇಳಿಯುವ ರಸ್ತೆಗಳಲ್ಲಿ ಸಣ್ಣದಾದರೂ ನಿಜವಾದ ಏರು ಸಿಗುತ್ತದೆ. ಯಾದಗಿರಿ ಜಿಲ್ಲೆಯವರಿಗೆ ಶಹಾಪುರ, ಸುರಪುರದ ಗುಡ್ಡಗಳಿವೆ. ಒಂದೇ ಏರನ್ನು ಮತ್ತೆ ಮತ್ತೆ ಹತ್ತಿ, ಸ್ಕೀ ಕೈಯಲ್ಲಿ ಹಿಡಿದು ನಡೆದು ಇಳಿಯಿರಿ. ಸ್ಕೀಗಳ ಹಿಂಬದಿ ಅಗಲಿಸಿ, ಮುಂಬದಿ ಹತ್ತಿರ ತಂದು ವೇಗ ಕುಗ್ಗಿಸುವ ಕ್ರಮವನ್ನು ಮೊದಲು ಕಣ್ಣಿಗೆ ಕಾಣದಷ್ಟು ಮಂದ ಇಳಿಜಾರಿನಲ್ಲಿ ಕಲಿಯಿರಿ. ಓಟದ ವೇಗ ಮೀರಿದ ಮೇಲೆ ಅದನ್ನು ನೆಚ್ಚುವಂತಿಲ್ಲ.

ಹಿಮವಿಲ್ಲದ ನಾಡಿನವರಿಗೆ ಇದೆಲ್ಲ ಏಕೆ ಎಂದು ಮನೆಯಲ್ಲಿ ಕೇಳಿಯಾರು. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರಲ್ಲಿ ಚಿಲಿ ದೇಶದಲ್ಲಿ ಕ್ರಾಸ್‌ಕಂಟ್ರಿ ಸ್ಕೀಯಲ್ಲಿ ಕಂಚು ಗೆದ್ದದ್ದನ್ನು ಅವರಿಗೆ ತೋರಿಸಿ.

ಕೊನೆಯದಾಗಿ ಸಾಗಣೆ. ದೆಹಲಿಯವರೆಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗುವುದಾದರೆ ಸ್ಕೀ ಜೋಡಿ ಸಾಧಾರಣ ಚೀಲದಲ್ಲಿ ಹಿಡಿಯುತ್ತದೆ, ಕೋಲುಗಳೇ ತೊಡಕು. ಮೊನೆಗಳಿಗೆ ದಪ್ಪ ರಬ್ಬರ್ ಸುತ್ತಿ, ಎರಡನ್ನೂ ಪಿವಿಸಿ ಪೈಪಿನೊಳಗೆ ಹಾಕಿ ಕೆಳಗಿನ ಬರ್ತಿನಡಿ ಇಡಿ. ಮನಾಲಿ ಮುಟ್ಟಿದ ಮೊದಲ ಎರಡು ದಿನ ಬರೀ ನಡೆದಾಡಿ. ನಮ್ಮೂರು ಕಲಬುರಗಿ ಸುಮಾರು 450 ಮೀಟರ್ ಎತ್ತರದ್ದು, ಅಲ್ಲಿಯ ಗಾಳಿಗೆ ಉಸಿರು ಹೊಂದಿಕೊಳ್ಳಲು ಅಷ್ಟಾದರೂ ಬೇಕು.