ಏಪ್ರಿಲ್ 20ಕ್ಕೆ 'ಗಾಂಜಾ ದಿನ' ಅನ್ನೋ ಹೆಸರು ಹೇಗೆ ಬಂತು?

ನಮ್ಮಲ್ಲಿ 'ಫೋರ್ ಟ್ವೆಂಟಿ' ಅಂದರೆ ಮೋಸಗಾರ. ಹಳೆಯ ಐಪಿಸಿಯ 420ನೇ ಕಲಮಿನ ಕೊಡುಗೆ ಅದು. ಅಮೆರಿಕದಲ್ಲಿ 420 ಅಂದರೆ ಗಾಂಜಾ; ಆ 420ಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಅಲ್ಲಿನ ಪೊಲೀಸರ ಸಂಕೇತ ಅನ್ನೋದೂ ಬರೀ ಗಾಳಿಮಾತು.

1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ಹೈಸ್ಕೂಲಿನಲ್ಲಿ ಐದು ಹುಡುಗರ ಗುಂಪೊಂದಿತ್ತು. ಸದಾ ಗೋಡೆ (ವಾಲ್) ಪಕ್ಕ ಹರಟುತ್ತಿದ್ದರು, ಹಾಗಾಗಿ 'ವಾಲ್ಡೋಸ್'. ಪಾಯಿಂಟ್ ರೇಯಿಸ್ ಹತ್ತಿರ ಯಾರೋ ಬಿಟ್ಟುಹೋದ ಗಾಂಜಾ ಬೆಳೆ ಇದೆ ಅಂತ ಅವರಿಗೊಂದು ನಕ್ಷೆ ಸಿಕ್ಕಿತು. ಸಂಜೆ 4:20ಕ್ಕೆ ಶಾಲೆಯ ಲೂಯಿ ಪಾಶ್ಚರ್ ಪ್ರತಿಮೆ ಹತ್ತಿರ ಸೇರೋದು, ಕಾರು ಹತ್ತಿ ಹುಡುಕೋಕೆ ಹೊರಡೋದು. ಹಗಲಲ್ಲಿ ಎದುರಾದಾಗ '420 ಲೂಯಿ' ಅಂದರೆ ಸಾಕು. ಎಷ್ಟು ಅಲೆದರೂ ಬೆಳೆ ಸಿಗಲಿಲ್ಲ. ಮೇಷ್ಟ್ರಿಗೂ ಅಪ್ಪ-ಅಮ್ಮನಿಗೂ ತಿಳಿಯದ ಗುಟ್ಟಿನ ಮಾತೊಂದು ಮಾತ್ರ ಉಳಿಯಿತು.

ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಬಳಗದ ಒಡನಾಟ ಇವರಿಗಿತ್ತು. ಮಾತು ಅದರ ಅಭಿಮಾನಿಗಳಿಗೆ ದಾಟಿತು. 1991ರಲ್ಲಿ ಗಾಂಜಾ ಕುರಿತ 'ಹೈ ಟೈಮ್ಸ್' ಪತ್ರಿಕೆಯಲ್ಲಿ ಬಂದ ಮೇಲೆ ಕೇಳಬೇಕೇ? ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರಲ್ಲ, ಹಾಗಾಗಿ 4/20 ದಿನಾಂಕವೂ ಆಯಿತು. ಅವತ್ತು ಸ್ಯಾನ್ ಫ್ರಾನ್ಸಿಸ್ಕೋದ 'ಹಿಪ್ಪಿ ಹಿಲ್' ಮೇಲೆ ಸಾವಿರಾರು ಜನ ಸೇರಿ 4:20ಕ್ಕೆ ಒಟ್ಟಿಗೆ ಹೊಗೆ ಬಿಟ್ಟದ್ದೂ ಉಂಟು. ಕೊಲೊರಾಡೊ ಹೆದ್ದಾರಿಯಲ್ಲಂತೂ 420ನೇ ಮೈಲಿಯ ಫಲಕವನ್ನು ಪದೇ ಪದೇ ಕದಿಯುತ್ತಿದ್ದರು. ಕೊನೆಗೆ ಇಲಾಖೆ ಅಲ್ಲಿ 419.99 ಅಂತ ಬರೆಸಿತು.