ಕೊಪ್ಪಳಕ್ಕೇ ಒಂದು ದಿನ ಕೊಡಿ

ಪ್ರಶ್ನೆ: ಮೇಡಂ, ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದು ಬೆಳಗ್ಗೆ ಕೊಪ್ಪಳದಲ್ಲಿ ಇಳಿಯುತ್ತೇವೆ. ರಾತ್ರಿ ವಾಪಸ್. ಅಷ್ಟರಲ್ಲಿ ಕೊಪ್ಪಳ ಕೋಟೆ, ಅಂಜನಾದ್ರಿ, ಹಂಪಿ, ಇಟಗಿ ನೋಡಬಹುದಾ? ಅಮ್ಮನಿಗೆ ಮೊಣಕಾಲು ನೋವು. ಊಟ ಎಲ್ಲಿ ಚೆನ್ನಾಗಿರುತ್ತದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಹಂಪಿ, ಅಂಜನಾದ್ರಿ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಅಂಜನಾದ್ರಿಗೆ 575 ಮೆಟ್ಟಿಲು. ಹಂಪಿಗೆ ಪೂರ್ತಿ ಎರಡು ದಿನವಾದರೂ ಬೇಕು. ಕೊಪ್ಪಳ ಅಂದರೆ ಹಂಪಿ ದಾರಿಯಲ್ಲಿ ಸಿಗುವ ಒಂದು ಸ್ಟೇಷನ್ ಅಂತ ಬಹಳ ಜನ ತಿಳಿದಿದ್ದಾರೆ. ಇದೇ ಊರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಆ ಮಾತು ಕೇಳಿದರೆ ಈಗಲೂ ಸಂಕಟವಾಗುತ್ತದೆ.

ರೈಲು ಇಳಿದವರು ಮೊದಲು ಒಗ್ಗರಣೆ–ಮಿರ್ಚಿ ತಿನ್ನಿ. ದೊಡ್ಡ ಹೋಟೆಲ್ ಬೇಡ, ಬಾಣಲೆ ರಸ್ತೆಗೆ ಕಾಣುವ ಹಾಗೆ ಇಟ್ಟ ಅಂಗಡಿಗೆ ಹೋಗಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ತಕ್ಷಣ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕುತ್ತಾರೆ. ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಆ ಹಿಟ್ಟು ಬಿದ್ದ ಮೇಲೆ ಮಂಡಕ್ಕಿ ಮೆತ್ತಗೂ ಇರಬೇಕು, ಉದುರುದುರಾಗಿಯೂ ಇರಬೇಕು. ಮಿರ್ಚಿ ಮಾತ್ರ ಎಣ್ಣೆಯಿಂದ ಆಗಷ್ಟೇ ತೆಗೆದದ್ದೇ ಬೇಕು ಅಂತ ಕೇಳಿ. ಖಾರ ಆಗದಿದ್ದರೆ ಅಮ್ಮನಿಗೆ ಬರೀ ಒಗ್ಗರಣೆ ಸಾಕು.

ಆಮೇಲೆ ಇಡೀ ದಿನಕ್ಕೆ ಒಂದು ಕಾರು ಮಾಡಿಕೊಳ್ಳಿ. ಬಿಸಿಲು ಏರುವ ಮೊದಲು ಗವಿಮಠಕ್ಕೆ ಹೋಗಿ. ಹತ್ತಲು ಆಗದಿದ್ದರೆ ಅಮ್ಮ ಕೆಳಗೆ ನೆರಳಲ್ಲಿ ಕೂತಿರಲಿ. ನೀವಿಬ್ಬರೂ ಗವಿಸಿದ್ಧೇಶ್ವರನ ದರ್ಶನ ಮಾಡಿ, ಬಂಡೆಯ ಮೇಲಿರುವ ಅಶೋಕನ ಶಾಸನ ನೋಡಿ ಬನ್ನಿ. ಕೋಟೆ ಈ ಸಲ ಬೇಡ. ಅದು ಕಡಿದಾದ ಏರು, ಅರ್ಧ ದಿನ ತಿನ್ನುತ್ತದೆ. ಕೆಳಗಿನಿಂದಲೇ ಒಮ್ಮೆ ತಲೆಯೆತ್ತಿ ನೋಡಿ. ಟಿಪ್ಪು ಗಟ್ಟಿಮಾಡಿಸಿದ ಕೋಟೆ ಅದು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡಿ ಪ್ರಾಣ ಬಿಟ್ಟದ್ದು ಅಲ್ಲೇ.

ಮಧ್ಯಾಹ್ನ ಮಠದ ದಾಸೋಹದಲ್ಲಿ ಪಂಕ್ತಿಗೆ ಕೂತು ಉಣ್ಣಬಹುದು. ಇಲ್ಲಾ ಊರಿನ ಯಾವುದಾದರೂ ಖಾನಾವಳಿಗೆ ಹೋಗಿ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿದರೆ ಅಲ್ಲೇ ಕೂತುಬಿಡಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹಿಂಡಿಯ ಮೇಲೆ ಮೊಸರು ಹಾಕಿಕೊಂಡು ಕಲಸಿ, ರೊಟ್ಟಿ ಮುರಿದು ಅದ್ದಿಕೊಂಡು ತಿನ್ನಿ. ಮೈಸೂರಿನವರಿಗೆ ಪುಂಡಿಯ ಹುಳಿ ಹೊಸದು, ಬಿಡಬೇಡಿ.

ಊಟ ಆದ ಮೇಲೆ ಇಟಗಿ. ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಈ ದಿನದಲ್ಲಿ ಅಮ್ಮ ಆರಾಮಾಗಿ ಓಡಾಡಬಹುದಾದ ಜಾಗ ಇದು, ಯಾಕೆಂದರೆ ಬೆಟ್ಟ ಹತ್ತುವುದಿಲ್ಲ. 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ. ‘ದೇವಾಲಯ ಚಕ್ರವರ್ತಿ’ ಅಂತ ಶಾಸನವೇ ಕರೆದಿದೆ. ಅದು ಸುಮ್ನೆ ಹೊಗಳಿಕೆ ಅಲ್ಲ. ಬಳಪದ ಕಲ್ಲಿನ ಕಂಬಗಳ ಬಳೆ ಬಳೆಯಂಥ ಅಂಚುಗಳ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಶಿಖರದ ತುದಿ ಬಿದ್ದುಹೋಗಿದೆ, ಆದರೂ ಕಣ್ಣು ತುಂಬುತ್ತದೆ. ಅಮ್ಮನನ್ನು ಒಂದು ಕಂಬಕ್ಕೆ ಒರಗಿಸಿ ಕೂರಿಸಿ, ಮೇಲಿನ ಚಾವಣಿ ನೋಡಲು ಹೇಳಿ. ಗಡಿಬಿಡಿ ಮಾಡಬೇಡಿ. ಹೊತ್ತು ಉಳಿದರೆ ಬರುವಾಗ ಕುಕನೂರಿನ ನವಲಿಂಗ ಗುಡಿ ನೋಡಿ. ಉಳಿಯದಿದ್ದರೆ ಬೇಜಾರು ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬರಬೇಡಿ. ಜನವರಿಯ ಗವಿಮಠದ ಜಾತ್ರೆಗೆ ಬಂದರೆ ಬೇರೆಯದೇ ಕೊಪ್ಪಳ ಕಾಣುತ್ತೀರಿ. ಆದರೆ ಆ ಜನಸಾಗರದಲ್ಲಿ ಅಮ್ಮನಿಗೆ ಕಷ್ಟ.

ಪ್ರಶ್ನೆ: ಅಕ್ಕೋರೆ, ರಜೆಯಲ್ಲಿ ಮಕ್ಕಳಿಗೆ ಗವಿಮಠದ ಅಶೋಕನ ಶಾಸನ ತೋರಿಸಿದೆ. ‘ಬರೀ ಗೀಚಿದ ಬಂಡೆ’ ಅಂದರು. ಅವರಿಗೆ ಏನು ಹೇಳಲಿ?
– ಓದುಗರೊಬ್ಬರು, ಯಲಬುರ್ಗಾ

ಉತ್ತರ: ಮೊದಲು ಏನೂ ಹೇಳಬೇಡಿ, ಒಂದು ಆಟ ಆಡಿಸಿ. ಗಣಿತದ ಕೂಡಿಸುವ ಗುರುತು ಎಲ್ಲಿದೆ ಹುಡುಕಿ ಅನ್ನಿ. ಬ್ರಾಹ್ಮಿಯಲ್ಲಿ ‘ಕ’ ಅಕ್ಷರ ಇರುವುದೇ ಹಾಗೆ, ಒಂದು ಅಡ್ಡಗೆರೆ, ಒಂದು ಉದ್ದಗೆರೆ. ನಮ್ಮ ಶಾಲೆಯ ಮಕ್ಕಳು ಒಂದು ‘ಕ’ ಸಿಕ್ಕ ಮೇಲೆ ಬಂಡೆ ಬಿಟ್ಟು ಬರುತ್ತಿರಲಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ, ನೆತ್ತಿಯ ಮೇಲಿನ ಬಿಸಿಲಿಗೆ ಅಕ್ಷರ ಸರಿಯಾಗಿ ಕಾಣುವುದಿಲ್ಲ.

ಆಮೇಲೆ ಅದರಲ್ಲಿ ಏನಿದೆ ಅಂತ ತಿಳಿಸಿ. ಭಾಷೆ ಪ್ರಾಕೃತ. ತಾನು ಬುದ್ಧನ ಉಪಾಸಕನಾದರೂ ಮೊದಮೊದಲು ಹೆಚ್ಚೇನೂ ಪ್ರಯತ್ನ ಮಾಡಲಿಲ್ಲ ಅಂತ ಅಷ್ಟು ದೊಡ್ಡ ದೊರೆ ಹೇಳಿಕೊಂಡಿದ್ದಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಅಂತಲೂ ಬರೆಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು! ಇದೇ ಶಾಸನ ಊರಿನ ಪಾಲ್ಕಿಗುಂಡು ಬೆಟ್ಟದ ಮೇಲೂ ಇದೆ, ಆದರೆ ಅಲ್ಲಿ ಅಕ್ಷರ ಸವೆದಿದೆ. ಗವಿಮಠದ್ದು ಮೇಲಿನ ಬಂಡೆಯ ಆಸರೆಯಲ್ಲಿ ಉಳಿದುಕೊಂಡಿದೆ. ಮಕ್ಕಳು ಅದರ ಮೇಲೆ ಕಲ್ಲಿನಿಂದ ಗೀರದಂತೆ ನೋಡಿಕೊಳ್ಳಿ, ದಯವಿಟ್ಟು.

ಪ್ರಶ್ನೆ: ಕಿನ್ನಾಳ ಗೊಂಬೆ ಕೊಳ್ಳಲು ಹೋಗಿದ್ದೆವು. ಬೆಲೆ ಜಾಸ್ತಿ ಅಲ್ವಾ?
– ಓದುಗರೊಬ್ಬರು, ಗದಗ

ಉತ್ತರ: ಇಲ್ಲ. ಮಾಡುವುದನ್ನು ನೋಡಿದ್ದರೆ ಹೀಗೆ ಕೇಳುತ್ತಿರಲಿಲ್ಲ. ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದುಗಳಿಗೆ ನೆನೆಸಿದ ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ತುಂಬುತ್ತಾರೆ. ಅದು ಒಣಗಬೇಕು. ಆಮೇಲೆ ಮೈ ನುಣ್ಣಗೆ ಮಾಡಬೇಕು, ಬಣ್ಣ ಹಚ್ಚಬೇಕು. ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ ಇದು. ಕಿನ್ನಾಳ ಕೊಪ್ಪಳಕ್ಕೆ ಹತ್ತಿರವೇ ಇದೆ. ಇನ್ನೊಮ್ಮೆ ಹೋದಾಗ ಅಂಗಡಿ ಬಿಟ್ಟು ಕಲಾವಿದರ ಮನೆಗೇ ಹೋಗಿ, ಅವರು ಹೇಳಿದ ಬೆಲೆಗೇ ಕೊಳ್ಳಿ. ದೊಡ್ಡ ಗರುಡ, ಕಾಮಧೇನು ಕೈಗೆ ಎಟುಕದಿದ್ದರೆ ಬಣ್ಣದ ಹಣ್ಣುಗಳ ಸೆಟ್ ತನ್ನಿ, ದಸರಾ ಗೊಂಬೆಗಳ ಪಕ್ಕ ಚೆನ್ನಾಗಿ ಒಪ್ಪುತ್ತದೆ.